ಎಲೆಯ ಕೊಟ್ಟೆ, ಪ್ಲಾಸ್ಟಿಕ್ ಕೊಟ್ಟೆ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ನಮ್ಮೂರಿನ ರಸ್ತೆಯ ಮೋರಿಯ ಬಳಿ ನಿಂತರೆ ವರ್ಷದ ಲೆಕ್ಕವೆಲ್ಲ ಕಣ್ಣೆದುರಿಗೆ ಬರುತ್ತದೆ. ಬೇಲಿಯ ಬುಡದಲ್ಲಿ, ದರೆಯ ಸಂದಿಯಲ್ಲಿ, ಬಸ್ ತಂಗುದಾಣದ ಹಿಂಬದಿಯಲ್ಲಿ ತಿಂಗಳುಗಟ್ಟಲೆ ಅವಿತಿದ್ದ ಪ್ಲಾಸ್ಟಿಕ್ ಕೊಟ್ಟೆಗಳು ಒಂದೇ ರಾತ್ರಿಯಲ್ಲಿ ಹೊರಟುಬಂದು ಮೋರಿಯ ಬಾಯಿಗೆ ಅಡ್ಡಗಟ್ಟಿರುತ್ತವೆ. ನೀರು ರಸ್ತೆಯನ್ನೇ ಹಳ್ಳ ಮಾಡಿಕೊಂಡು ಕೆಳಗಿನ ತೋಟಕ್ಕೆ ನುಗ್ಗಿರುತ್ತದೆ. ಊರವರು ಕೊಕ್ಕೆ ಹಿಡಿದು ಅವನ್ನೆಲ್ಲ ಎಳೆದು ದಡಕ್ಕೆ ಹಾಕುತ್ತಾರೆ. ಮುಂದಿನ ಮಳೆ ಅವನ್ನು ಹಳ್ಳಕ್ಕೆ ಒಯ್ಯುತ್ತದೆ. ಹಾಗೆ ಎಳೆಯುವಾಗ "ಎಲ್ಲಾ ಪೇಟೆಯವರ ಕಸ" ಎಂದು ಬೈಯುವುದು ರೂಢಿ. ಆದರೆ ಆ ಮೋರಿಯ ಮೇಲ್ಗಡೆ ಪೇಟೆಯೇ ಇಲ್ಲ. ಇರುವುದು ನಮ್ಮವೇ ಮನೆಗಳು, ಒಂದು ಅಂಗಡಿ, ಒಂದು ಶಾಲೆ.

ಈ ಲೇಖನದ ಮಾತು ಅಲ್ಲಿಂದಲೇ ಆರಂಭವಾಗುತ್ತದೆ. ಪ್ಲಾಸ್ಟಿಕ್ ಚೀಲವೆಂದರೆ ನಗರದ ಸಮಸ್ಯೆ, ಹಳ್ಳಿಗೆ ಅದರ ಬಿಸಿ ಇನ್ನೂ ತಟ್ಟಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ವಿಷಯ ತದ್ವಿರುದ್ಧವಾಗಿದೆ. ನಗರದಲ್ಲಿ ಬಿಸಾಡಿದ ಚೀಲವನ್ನು ಎತ್ತಲು ಯಾರಾದರೊಬ್ಬರು ಇರುತ್ತಾರೆ. ಗುಡ್ಡದ ಹಳ್ಳಿಯಲ್ಲಿ ಯಾರೂ ಇಲ್ಲ.

ಹೆಸರು ಉಳಿಯಿತು, ವಸ್ತು ಬದಲಾಯಿತು

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಮಾತಿನಲ್ಲಿ 'ಕೊಟ್ಟೆ' ಹಳೆಯ ಪದ. ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಮಾಡಿ, ಅದರಲ್ಲಿ ಹಿಟ್ಟು ಹೊಯ್ದು ಬೇಯಿಸಿದರೆ ಕೊಟ್ಟೆ ಕಡುಬು. ಮಳೆಗಾಲಕ್ಕೆ ಮುನ್ನ ಅಡಿಕೆ ಗೊನೆಗೆ ಮಳೆನೀರು ತಾಗದಂತೆ ಮುಚ್ಚಿಗೆ ಕಟ್ಟುವುದು ಕೊಟ್ಟೆ ಕಟ್ಟುವುದು. ಎರಡೂ ಕಡೆ ಕೊಟ್ಟೆಯೆಂದರೆ ಎಲೆಯದ್ದು, ಹುಲ್ಲಿನದ್ದು ಅಥವಾ ಹಾಳೆಯದ್ದು. ಕೆಲಸ ಮುಗಿದ ಮೇಲೆ ಅದನ್ನು ಎಲ್ಲಿ ಎಸೆಯಬೇಕೆಂದು ಯಾರೂ ಯೋಚಿಸುತ್ತಿರಲಿಲ್ಲ. ಯೋಚಿಸುವ ಅಗತ್ಯವೂ ಇರಲಿಲ್ಲ. ಬಿದ್ದಲ್ಲೇ ಗೊಬ್ಬರವಾಗುತ್ತಿತ್ತು.

ಇಂದು ಅದೇ ಪದ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಅಂಟಿಕೊಂಡಿದೆ. "ಒಂದು ಕೊಟ್ಟೆ ಕೊಡಿ" ಎಂದರೆ ಅಂಗಡಿಯವರು ಕೊಡುವುದು ಪಾಲಿಥೀನನ್ನು. ಪದದ ಜೊತೆಗೆ ಹಳೆಯ ಅಭ್ಯಾಸವೂ ಹಾಗೆಯೇ ಮುಂದುವರಿದಿದೆ. ಎಲೆಯ ಕೊಟ್ಟೆಯನ್ನು ಎಸೆಯುತ್ತಿದ್ದ ಕೈಯೇ ಪ್ಲಾಸ್ಟಿಕ್ ಕೊಟ್ಟೆಯನ್ನೂ ಎಸೆಯುತ್ತದೆ. ಹಳ್ಳಿಗರಿಗೆ ಶುಚಿತ್ವದ ಅರಿವಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು. ಎಸೆದದ್ದೆಲ್ಲ ಕೊಳೆಯುತ್ತಿದ್ದ ಲೋಕದಲ್ಲಿ ರೂಢಿಯಾದ ನಡವಳಿಕೆ ಅದು. ಈಗ ಕೈಗೆ ಬಂದಿರುವ ವಸ್ತು ಮಾತ್ರ ಕೊಳೆಯುವ ಜಾತಿಯದಲ್ಲ.

ಪಾಲಿಥೀನ್ ಪತ್ತೆಯಾದದ್ದು 1933ರಲ್ಲಿ, ಇಂಗ್ಲೆಂಡಿನ ಒಂದು ರಾಸಾಯನಿಕ ಪ್ರಯೋಗಾಲಯದಲ್ಲಿ. ನಾವಿಂದು ಕಾಣುವ ಹಿಡಿಕೆಯ ಚೀಲದ ವಿನ್ಯಾಸ 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡಿತು. ಇಂಗಾಲದ ಉದ್ದುದ್ದ ಸರಪಳಿಗಳಿಂದಾದ ಈ ವಸ್ತುವನ್ನು ನಮ್ಮ ಮಣ್ಣಿನ ಸೂಕ್ಷ್ಮಜೀವಿಗಳು ಎಲೆಯನ್ನು ಅರಗಿಸುವಂತೆ ಅರಗಿಸಲಾರವು. ಬಿಸಿಲಿಗೆ ಅದು ಸುಲಿದು, ಹರಿದು, ಚೂರಾಗುತ್ತದೆ. ಚೂರಾಗುವುದು ಬೇರೆ, ಕೊಳೆಯುವುದು ಬೇರೆ. ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ 'ಹೋಯಿತು' ಎಂದುಕೊಳ್ಳುತ್ತೇವೆ. ಅದು ಮಣ್ಣಿನಲ್ಲಿಯೇ ಇರುತ್ತದೆ.

ಪ್ಲಾಸ್ಟಿಕ್ಕಿನಿಂದ ಮಲೆನಾಡಿಗೆ ಉಪಕಾರವೇ ಆಗಿಲ್ಲ ಎಂದು ನಾನು ಹೇಳಲಾರೆ. ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವ ನಾಡಿದು. ಮಕ್ಕಳ ಪುಸ್ತಕ ನೆನೆಯದಂತೆ, ಉಪ್ಪು ನೀರಾಗದಂತೆ, ಬೆಂಕಿಪೊಟ್ಟಣ ಮೆತ್ತಗಾಗದಂತೆ ಕಾಪಾಡಿದ್ದು ಪ್ಲಾಸ್ಟಿಕ್ಕೇ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಬೆನ್ನು ಕಾದದ್ದೂ ಅದೇ. ನನ್ನ ತಕರಾರು ಹತ್ತು ವರ್ಷ ಬಾಳುವ ಕೊಡ, ಕೊಳವೆ, ಟಾರ್ಪಾಲಿನ ಬಗ್ಗೆ ಅಲ್ಲ. ಅಂಗಡಿಯಿಂದ ಮನೆಯವರೆಗಿನ ಕಾಲು ಗಂಟೆಯ ಕೆಲಸಕ್ಕೆ ಬಂದು, ಆಮೇಲೆ ತಲೆಮಾರುಗಳ ಕಾಲ ಉಳಿಯುವ ಚೀಲದ ಬಗ್ಗೆ.

ಒಲೆ, ಗೊಬ್ಬರಗುಂಡಿ, ಹಳ್ಳ

ಒಂದು ಮನೆಗೆ ದಿನಕ್ಕೆ ಎರಡೇ ಕೊಟ್ಟೆ ಬರುತ್ತವೆ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 730 ಆಯಿತು. ನೂರು ಮನೆಗಳ ಊರಿಗೆ 73,000. ಇವು ಎಲ್ಲಿಗೆ ಹೋಗುತ್ತವೆ? ನಮ್ಮ ಊರುಗಳಲ್ಲಿ ಇವಕ್ಕೆ ಇರುವುದು ಮೂರೇ ದಾರಿ.

ಮೊದಲನೆಯದು ಬಚ್ಚಲ ಒಲೆ. ಮಳೆಗಾಲದಲ್ಲಿ ಹಸಿ ಸೌದೆಗೆ ಬೆಂಕಿ ಹಿಡಿಸಲು ಕೊಟ್ಟೆ, ಹಾಲಿನ ಪ್ಯಾಕೆಟ್ಟು ಬಲು ಅನುಕೂಲ. ಆದರೆ ಒಲೆಯ ಬೆಂಕಿ ಪ್ಲಾಸ್ಟಿಕ್ಕನ್ನು ಪೂರ್ತಿ ಸುಡುವಷ್ಟು ಬಿಸಿಯಾಗಿರುವುದಿಲ್ಲ. ಅರ್ಧಂಬರ್ಧ ಉರಿದ ಪಾಲಿಥೀನಿನಿಂದ ಮಸಿ ಮತ್ತು ಶ್ವಾಸಕೋಶಕ್ಕೆ ಹಾನಿಕರವಾದ ಅನಿಲಗಳು ಹೊರಡುತ್ತವೆ. ಜೊತೆಗೆ ಪಿ.ವಿ.ಸಿ. ತುಂಡೊಂದು ಸೇರಿದರೆ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟಬಹುದು. ಅದನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕೂತು ಊದುವ ತಾಯಂದಿರು, ಪಕ್ಕದಲ್ಲಿ ಚಳಿ ಕಾಯಿಸುವ ಅಜ್ಜ, ಮೊಮ್ಮಕ್ಕಳು. ಉಳಿದ ಬೂದಿಯನ್ನು ನಾವು ಚೆಲ್ಲುವುದಿಲ್ಲ. ಗೊಬ್ಬರವೆಂದು ಬಾಳೆಯ ಬುಡಕ್ಕೆ, ತರಕಾರಿ ಪಾತಿಗೆ ಹಾಕುತ್ತೇವೆ.

ಎರಡನೆಯದು ಗೊಬ್ಬರಗುಂಡಿ. ತಿಂಡಿ ಉಳಿದದ್ದನ್ನು ಕೊಟ್ಟೆಯಲ್ಲಿ ಕಟ್ಟಿ ಗುಂಡಿಗೆ ಎಸೆಯುವುದು ಈಗ ಎಲ್ಲೆಡೆ ಕಾಣುತ್ತದೆ. ಸೊಪ್ಪು, ಸಗಣಿಯ ಜೊತೆ ಅದು ತೋಟಕ್ಕೆ ಸೇರುತ್ತದೆ. ಮಣ್ಣಿನ ಪದರದಲ್ಲಿ ಅಡ್ಡಲಾಗಿ ಕೂತ ಪ್ಲಾಸ್ಟಿಕ್ ಹಾಳೆ ನೀರನ್ನು ಇಂಗಗೊಡುವುದಿಲ್ಲ, ಗಾಳಿಯನ್ನು ಆಡಗೊಡುವುದಿಲ್ಲ. ಅಡಿಕೆ ಮರದ ಬೇರುಗಳಲ್ಲಿ ಬಹುಪಾಲು ಮೇಲ್ಮಣ್ಣಿನಲ್ಲಿಯೇ ಹರಡಿರುವಂಥವು. ಅವು ಈ ಹಾಳೆಗೆ ತಾಗಿ ತಿರುಗಿಕೊಳ್ಳುವುದನ್ನು ಬುಡ ಬಿಡಿಸುವಾಗ ಯಾರು ಬೇಕಾದರೂ ನೋಡಬಹುದು.

ಗುಂಡಿಯ ದಾರಿಯಲ್ಲೇ ದನವೂ ಬರುತ್ತದೆ. ನಮ್ಮ ಮಲೆನಾಡು ಗಿಡ್ಡ ಕಟ್ಟಿ ಮೇಯಿಸುವ ತಳಿಯಲ್ಲ. ಬೆಟ್ಟ, ಬೇಣ, ರಸ್ತೆಯಂಚು ಎಲ್ಲವನ್ನೂ ಸುತ್ತಿ ಹೊಟ್ಟೆ ಹೊರೆಯುವಂಥದ್ದು. ಹಸು ಮೊದಲು ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಅನ್ನದ ವಾಸನೆಗೆ ಕೊಟ್ಟೆಯ ಗಂಟನ್ನೇ ನುಂಗಿದರೆ ಅದು ಮೊದಲ ಹೊಟ್ಟೆಯಾದ ರೂಮೆನ್ನಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗಿ, ಮೇವಿನ ಜಾಗವನ್ನು ಆಕ್ರಮಿಸುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ಒಳಗೆ ಹಸಿದಿರುತ್ತದೆ. ಹಾಲು ಇಳಿಯುತ್ತದೆ, ಉಬ್ಬರ ಬರುತ್ತದೆ. ಉಂಡೆ ದೊಡ್ಡದಾದ ಮೇಲೆ ಹೊಟ್ಟೆ ಕೊಯ್ದು ತೆಗೆಯುವುದೊಂದೇ ಉಪಾಯ. ಗೋಪೂಜೆ ಮಾಡುವ ನಾವು ದೀಪಾವಳಿಯ ಮರುದಿನ ಹೋಳಿಗೆಯ ಚೂರನ್ನು ಕೊಟ್ಟೆಯಲ್ಲಿ ಕಟ್ಟಿ ಬಿಸಾಡುವಾಗ ಇದನ್ನು ನೆನೆಯಬೇಕು.

ಮೂರನೆಯ ದಾರಿ ಹಳ್ಳ. ನಾವು ನೀರಿನ ತಲೆಯ ಮೇಲೆ ಕೂತವರು. ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡದಲ್ಲಿದೆ. ಅದು ಘಟ್ಟವಿಳಿದು ಅರಬ್ಬಿ ಸಮುದ್ರ ಸೇರುತ್ತದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆ ಪೂರ್ವಕ್ಕೆ ಹರಿದು, ತುಂಗಭದ್ರೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಂದರೆ ನಮ್ಮ ಈ ಸೀಮೆಯಲ್ಲಿ ಕೈಬಿಟ್ಟ ಕೊಟ್ಟೆಗೆ ಎರಡು ಸಮುದ್ರಗಳ ದಾರಿಯೂ ತೆರೆದಿದೆ. ಅಘನಾಶಿನಿ ಕಡಲು ಸೇರುವ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳು ಬಹಳ ಇವೆ. 2024ರಲ್ಲಿ ಆ ಅಳಿವೆಗೆ ರಾಮ್ಸರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ನೀರಿನಲ್ಲಿ ಏನು ತೇಲುತ್ತದೋ ಅದು ಅದರ ಒಡಲಿಗೆ, ಅಲ್ಲಿಂದ ತಿನ್ನುವವರ ತಟ್ಟೆಗೆ. ಘಟ್ಟದ ಮೇಲಿನವರು ನೀರನ್ನು ಹೇಗೆ ಕಳುಹಿಸುತ್ತಾರೋ ಘಟ್ಟದ ಕೆಳಗಿನವರ ಊಟ ಹಾಗಿರುತ್ತದೆ.

ಮೈಕ್ರಾನಿನ ಲೆಕ್ಕ ಗುಡ್ಡ ಹತ್ತುವುದಿಲ್ಲ

ಕಾನೂನು ಇಲ್ಲವೇ? ಇದೆ. ಕೇಂದ್ರ ಸರ್ಕಾರದ ನಿಯಮಗಳು ಚೀಲದ ದಪ್ಪವನ್ನು ಹೆಚ್ಚಿಸುತ್ತ ಬಂದಿವೆ. 1999ರಲ್ಲಿ 20 ಮೈಕ್ರಾನಿನಿಂದ ಆರಂಭವಾದದ್ದು 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಯಿತು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ದಪ್ಪ ಹೆಚ್ಚಿಸಿದ್ದರ ತರ್ಕ ಸರಳವಾಗಿದೆ. ದಪ್ಪ ಚೀಲಕ್ಕೆ ಬೆಲೆ ಹೆಚ್ಚು. ಅಂಗಡಿಯವರು ಪುಕ್ಕಟೆ ಕೊಡಲಾರರು. ತೂಕವೂ ಹೆಚ್ಚು, ಆದ್ದರಿಂದ ಚಿಂದಿ ಆಯುವವರಿಗೆ ಅದನ್ನು ಹೆಕ್ಕಿ ಮಾರಿದರೆ ನಾಲ್ಕು ಕಾಸು ಸಿಗುತ್ತದೆ, ಅದು ಮರುಬಳಕೆಗೆ ಹೋಗುತ್ತದೆ.

ಈ ತರ್ಕ ನಿಂತಿರುವುದು ಚಿಂದಿ ಆಯುವವರ ಬೆನ್ನಿನ ಮೇಲೆ. ಬೆಂಗಳೂರಿನ ಒಂದು ಬೀದಿಯಲ್ಲಿ ಅರ್ಧ ಗಂಟೆಯಲ್ಲಿ ಒಂದು ಮೂಟೆ ತುಂಬಬಹುದು. ಮನೆಯಿಂದ ಮನೆಗೆ ಅರ್ಧ ಮೈಲಿ, ನಡುವೆ ಒಂದು ಹಳ್ಳ, ಒಂದು ಏರು ಇರುವ ನಮ್ಮ ಕೇರಿಗಳಿಗೆ ಯಾವ ಆಯುವವರು ಬಂದಾರು? ಬಂದರೂ ದಿನವಿಡೀ ನಡೆದು ಗಳಿಸಿದ್ದು ಬಸ್ಸಿನ ಚಾರ್ಜಿಗೂ ಸಾಲದು. ಆದ್ದರಿಂದ ಬಯಲಿನಲ್ಲಿ ದಪ್ಪ ಚೀಲದಿಂದ ಏನಾದರೂ ಪ್ರಯೋಜನವಾಗಿದ್ದರೆ ಆಗಲಿ, ಗುಡ್ಡದಲ್ಲಿ ದಪ್ಪ ಚೀಲವೆಂದರೆ ಹೆಚ್ಚು ಪ್ಲಾಸ್ಟಿಕ್ ಎಂದಷ್ಟೇ ಅರ್ಥ.

ನಮ್ಮ ರಾಜ್ಯ ಈ ಗೊಂದಲವನ್ನು ಒಂದು ಹಂತಕ್ಕೆ ಬಗೆಹರಿಸಿತ್ತು. 2016ರ ಮಾರ್ಚ್ ತಿಂಗಳ ಅಧಿಸೂಚನೆಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರು ಮುಂತಾದವನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಆದರೂ ಅಂಗಡಿಯಲ್ಲಿ ಕೇಳಿದರೆ "ಇದು ದಪ್ಪದ ಕವರು ಸಾರ್, ನಡೀತದೆ" ಎಂಬ ಉತ್ತರ ಬರುತ್ತದೆ. ದೂರುವಂತಿಲ್ಲ. "ನಾನು ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ" ಎಂದು ಅವರು ಹೇಳುವುದೂ ಸತ್ಯವೇ. ತನಿಖೆಗೆ ಬರುವವರು ವರ್ಷಕ್ಕೊಮ್ಮೆ ಪೇಟೆಯ ಅಂಗಡಿಸಾಲಿಗೆ ಬಂದಾರು; ಘಟ್ಟದ ತಿರುವಿನ ಗೂಡಂಗಡಿಗೆ ಬರುವುದಿಲ್ಲ.

ಬದಲಿ ಎಂಬ ಹೆಸರಿನ ಮೋಸ

ಬದಲಿಯ ಮಾತು ಬಂದಾಗ ಮೂರು ವಿಷಯಗಳಲ್ಲಿ ಎಚ್ಚರ ಬೇಕು.

ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ಚೀಲಗಳು ಈಗ ಜವಳಿ ಅಂಗಡಿ, ಮದುವೆ ಮನೆ ಎಲ್ಲ ಕಡೆ ಸಿಗುತ್ತವೆ. ನಾನ್-ವೋವನ್ ಎಂದು ಕರೆಯುವ ಇವು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ಸಂಶಯವಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಿ. ಹತ್ತಿ ಉರಿದು ಬೂದಿಯಾಗುತ್ತದೆ. ಇದು ಕರಗಿ ಮಣಿಯಾಗುತ್ತದೆ. ಕೆಲವು ತಿಂಗಳು ಕಳೆದರೆ ಮಡಿಕೆಯಲ್ಲೇ ಪುಡಿಪುಡಿಯಾಗಿ ಉದುರುವುದನ್ನೂ ನೋಡಿರುತ್ತೀರಿ.

ಎರಡನೆಯದು 'ಗೊಬ್ಬರವಾಗುವ' ಚೀಲ. ಇವುಗಳಲ್ಲಿ ಹೆಚ್ಚಿನವು ಕೊಳೆಯಲು ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ ಇರುವಂತೆ ವಾರಗಟ್ಟಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮಳೆನೀರು ನಿಂತು ತಣ್ಣಗಿರುವ ನಮ್ಮ ಗೊಬ್ಬರಗುಂಡಿಯಲ್ಲಿ ಅಂಥ ಶಾಖ ಹುಟ್ಟಿ ನಿಲ್ಲುವುದು ದುರ್ಲಭ.

ಮೂರನೆಯದು ಕೇಳಲು ಕಹಿ. ಹೊಸ ಹತ್ತಿ ಚೀಲವೂ ಪುಕ್ಕಟೆಯಾಗಿ ಭೂಮಿಗೆ ಬರುವುದಿಲ್ಲ. ಹತ್ತಿಗೆ ನೀರು, ಗೊಬ್ಬರ, ಕೀಟನಾಶಕ ಬೇಕು. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ಹವಾಮಾನದ ಮೇಲಿನ ಹೊರೆಯನ್ನಷ್ಟೇ ಅಳೆದರೆ, ಒಂದೇ ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹತ್ತಿ ಚೀಲ ಸಮನಾಗಲು ಅದನ್ನು 131 ಬಾರಿ ಬಳಸಬೇಕು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಉಂಡೆಯಾದ ದನದ ನೋವು ಆ ಲೆಕ್ಕದಲ್ಲಿಲ್ಲ, ನಿಜ. ಆದರೂ ಅದು ಕಲಿಸುವ ಪಾಠ ಸ್ಪಷ್ಟ. ಸಮಾರಂಭಕ್ಕೊಂದು ಹೊಸ ಚೀಲ ಹಂಚಿ, ಅದರ ಮೇಲೆ 'ಪರಿಸರ ಉಳಿಸಿ' ಎಂದು ಅಚ್ಚು ಹಾಕಿಸುವುದರಿಂದ ಪರಿಸರ ಉಳಿಯದು. ಚೀಲ ಯಾವುದರಿಂದ ಆಗಿದೆ ಎಂಬುದಕ್ಕಿಂತ ಎಷ್ಟು ಸಲ ಅಂಗಡಿಗೆ ಮರಳಿ ಹೋಗುತ್ತದೆ ಎಂಬುದು ಮುಖ್ಯ. ಅಮ್ಮನ ಹಳೆಯ ಸೀರೆ, ಅಪ್ಪನ ಹರಿದ ಪಂಚೆಯಿಂದ ಹೊಲಿದ ಚೀಲಕ್ಕೆ ಸಮನಾದದ್ದು ಯಾವುದೂ ಇಲ್ಲ.

ನಮ್ಮ ಅಂಗಳದ ಕಸ

ಇಷ್ಟು ಹೇಳಿದ ಮೇಲೆ ಕೃಷಿಕರಾದ ನಮ್ಮದೇ ಎರಡು ವಿಷಯಗಳನ್ನು ಮುಚ್ಚಿಡಬಾರದು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಬದಲು ಗೊನೆಗೆ ಪಾಲಿಥೀನ್ ಕೊಟ್ಟೆ ಕಟ್ಟುವುದನ್ನು ನಾನೇ ಹಲವು ರೈತರಿಗೆ ಸಲಹೆ ಮಾಡಿದ್ದೇನೆ. ತೋಟದ ಮಣ್ಣಿಗೆ ತಾಮ್ರ ಸೇರುವುದು ತಪ್ಪಲಿ ಎಂಬುದು ನನ್ನ ಉದ್ದೇಶವಾಗಿತ್ತು. ಆದರೆ ಮಳೆಗಾಲ ಕಳೆದ ಮೇಲೆ ಆ ಕೊಟ್ಟೆಗಳನ್ನು ಏನು ಮಾಡಬೇಕೆಂದು ನಾನು ಹೇಳಲಿಲ್ಲ, ರೈತರೂ ಕೇಳಲಿಲ್ಲ. ಅವು ಕೊನೆಕೊಯ್ಲಿನ ಹೊತ್ತಿಗೆ ಹರಿದು ಕಾದಿಗೆಗೆ ಬಿದ್ದವು. ಒಂದು ಕೆಡುಕಿನ ಬದಲಿಗೆ ಇನ್ನೊಂದನ್ನು ಕೊಟ್ಟೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಕಟ್ಟುವುದೇ ಆದರೆ ಎಷ್ಟು ಕಟ್ಟಿದೆವೋ ಅಷ್ಟನ್ನೂ ಇಳಿಸಿ, ಒಣಗಿಸಿ, ಎಣಿಸಿ ಇಡಬೇಕು. ಬಳಸುವಂತಿದ್ದರೆ ಮುಂದಿನ ವರ್ಷಕ್ಕೆ, ಇಲ್ಲವಾದರೆ ಪಂಚಾಯಿತಿಯ ಒಣಕಸಕ್ಕೆ.

ಎರಡನೆಯದು ಗುಟ್ಕಾ, ಪಾನ್ ಮಸಾಲೆಯ ಚೀಟಿ. ಪ್ಲಾಸ್ಟಿಕ್ ಚೀಟಿಯಲ್ಲಿ ಇವನ್ನು ಮಾರಬಾರದೆಂದು ಸರ್ವೋಚ್ಚ ನ್ಯಾಯಾಲಯ 2010ರ ಡಿಸೆಂಬರಿನಲ್ಲಿಯೇ ಆದೇಶಿಸಿತ್ತು. 2013ರಲ್ಲಿ ನಮ್ಮ ರಾಜ್ಯ ಗುಟ್ಕಾವನ್ನೇ ನಿಷೇಧಿಸಿತು. ಆದರೂ ಬಸ್ ತಂಗುದಾಣಗಳಲ್ಲಿ ಹೊಳೆಯುವ ಚೀಟಿಗಳು ಮಾಯವಾಗಿಲ್ಲ. ನಮ್ಮ ತೋಟದಿಂದ ಹೋದ ಅಡಿಕೆಯೇ ಆ ವೇಷದಲ್ಲಿ ಹಿಂದಿರುಗಿ ನಮ್ಮ ಮೋರಿಯನ್ನು ಕಟ್ಟುತ್ತಿದೆ. ಬೆಲೆ ಬಂದಾಗ ಸಂತೋಷಪಟ್ಟ ನಾವು ಈ ಮರಳಿಕೆಯ ಬಗ್ಗೆ ಕಣ್ಣು ಮುಚ್ಚಿಕೊಳ್ಳುವಂತಿಲ್ಲ.

ಆಗಬೇಕಾದದ್ದು

ನೀಲಗಿರಿ ನಮ್ಮ ನೆರೆಯ ಗುಡ್ಡ. 2000ದ ಸುಮಾರಿಗೆ ಅಲ್ಲಿನ ಜಿಲ್ಲಾಧಿಕಾರಿಯಾಗಿದ್ದ ಸುಪ್ರಿಯಾ ಸಾಹು ಅವರು 'ಆಪರೇಷನ್ ಬ್ಲೂ ಮೌಂಟನ್' ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಚೀಲದ ವಿರುದ್ಧ ಜನರನ್ನು ಕಟ್ಟಿ ಕೆಲಸ ಮಾಡಿದರು. ಸಿಕ್ಕಿಂ ರಾಜ್ಯ 1998ರಲ್ಲಿಯೇ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿತು. ಇಡೀ ದೇಶ ಎಚ್ಚರಗೊಳ್ಳಲಿ ಎಂದು ಗುಡ್ಡದ ಜನ ಅಲ್ಲಿ ಕಾಯಲಿಲ್ಲ. ಒಳಬಂದದ್ದನ್ನು ಹೊರಸಾಗಿಸುವುದು ಕಷ್ಟವಾದ ಕಡೆ ಒಳಬರುವ ಬಾಗಿಲಲ್ಲೇ ತಡೆಯುವುದು ಸುಲಭ. ನಾವು ಮಾಡಬಹುದಾದ ಕೆಲಸಗಳು ಇವು:

ಒಂದು, ಅಂಗಡಿಯವರನ್ನು ಒಬ್ಬೊಬ್ಬರನ್ನಾಗಿ ದೂರುವ ಬದಲು ಒಂದು ಪಂಚಾಯಿತಿ ವ್ಯಾಪ್ತಿಯ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕು. ಎಲ್ಲರೂ ಒಂದೇ ದಿನ ನಿಲ್ಲಿಸಿದರೆ ಗಿರಾಕಿ ಯಾವ ಅಂಗಡಿಗೂ ಓಡುವಂತಿಲ್ಲ. ಗ್ರಾಮಸಭೆಯಲ್ಲಿ ದಿನ ನಿಗದಿಯಾಗಲಿ. ಚೀಲ ಮರೆತು ಬಂದವರಿಗೆ ಅಂಗಡಿಯಲ್ಲೇ ಹಳೆಬಟ್ಟೆಯ ಚೀಲ ಎರವಲು ಸಿಗಲಿ.

ಎರಡು, ಹಸಿ ಪದಾರ್ಥದ ಪ್ರಶ್ನೆ. ಮೀನಿಗೆ ಮುಚ್ಚಳದ ಡಬ್ಬಿ, ಎಣ್ಣೆಗೆ ಬಾಟಲಿ, ಹೂವಿಗೆ ಬಾಳೆಎಲೆ. ಮೀನು, ಬೆಲ್ಲವನ್ನು ಸಾಗುವಾನಿ ಎಲೆಯಲ್ಲಿ ಕಟ್ಟುತ್ತಿದ್ದುದನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ.

ಮೂರು, ಮದುವೆ, ಉಪನಯನ, ಜಾತ್ರೆಗಳಲ್ಲಿ ಬಾಳೆಎಲೆ, ಹಾಳೆತಟ್ಟೆ, ತೊಳೆದು ಬಳಸುವ ಲೋಟ. ಹಾಳೆತಟ್ಟೆಯನ್ನು ಹೊರನಾಡಿಗೆ ಕಳುಹಿಸುವ ನಾಡು ತನ್ನ ಮನೆಯ ಮದುವೆಗೆ ಥರ್ಮೋಕೋಲ್ ತಟ್ಟೆ ತರುವುದು ನಾಚಿಕೆಯ ಸಂಗತಿ.

ನಾಲ್ಕು, ಇನ್ನೂ ಬರುವ ಹಾಲು, ಬಿಸ್ಕತ್ತು, ಗೊಬ್ಬರದ ಪ್ಯಾಕೆಟ್ಟುಗಳನ್ನು ತೊಳೆದು ಒಣಗಿಸಿ ಒಂದು ಗೋಣಿಯಲ್ಲಿ ಸೇರಿಸಿಡಬೇಕು; ಒಲೆಗೆ ಒಂದೂ ಹೋಗಬಾರದು. ಹಲವು ಪಂಚಾಯಿತಿಗಳಲ್ಲಿ ಮಹಿಳೆಯರೇ ಓಡಿಸುವ ಸ್ವಚ್ಛವಾಹಿನಿ ಗಾಡಿಗಳಿವೆ. ಅವು ಮುಖ್ಯರಸ್ತೆಯಲ್ಲೇ ತಿರುಗಿ ಹೋಗದೆ, ತಿಂಗಳಿಗೆ ಒಮ್ಮೆಯಾದರೂ ಪ್ರತಿ ಕೇರಿಯ ದಣಪೆಯವರೆಗೆ ಬರುವಂತೆ ಕೇಳುವುದು ನಮ್ಮ ಹಕ್ಕು.

ಐದನೆಯದು ವಿದ್ಯಾರ್ಥಿ ಮಿತ್ರರಿಗೆ. ಒಂದು ತಿಂಗಳು ನಿಮ್ಮ ಮನೆಗೆ ಬರುವ ಕೊಟ್ಟೆಗಳನ್ನು ಎಣಿಸಿ ಬರೆಯಿರಿ. ಯಾವ ಅಂಗಡಿಯಿಂದ, ಯಾವ ವಸ್ತುವಿಗೆ, ಕೊನೆಗೆ ಎಲ್ಲಿಗೆ ಹೋಯಿತು ಎಂದು ದಾಖಲಿಸಿ. ಇಡೀ ತರಗತಿಯ ಲೆಕ್ಕವನ್ನು ಒಟ್ಟುಗೂಡಿಸಿ ಗ್ರಾಮಸಭೆಯಲ್ಲಿ ಓದಿ. ನಮ್ಮಂಥವರ ಭಾಷಣಕ್ಕಿಂತ ಆ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಸ್ವಂತ ಮನೆಯ ಲೆಕ್ಕವನ್ನು ಸ್ವಂತ ಮಕ್ಕಳೇ ಓದಿದಾಗ ಯಾರೂ "ಪೇಟೆಯವರ ಕಸ" ಎನ್ನಲಾರರು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅಂದು ಕೊಡಲಿ ಹೊರಗಿನವರ ಕೈಯಲ್ಲಿತ್ತು. ಎದುರು ನಿಲ್ಲಲು ಧೈರ್ಯ ಬೇಕಿತ್ತು, ಆದರೆ ಎದುರಾಳಿ ಯಾರೆಂದು ಕಾಣುತ್ತಿತ್ತು. ಇಂದಿನ ಈ ಕೆಲಸಕ್ಕೆ ಅಷ್ಟು ಧೈರ್ಯ ಬೇಕಿಲ್ಲ. ಆದರೆ ಎದುರಾಳಿ ನಮ್ಮ ಬೆರಳಿಗೇ ನೇತುಹಾಕಿಕೊಂಡು ಮನೆಗೆ ಬರುತ್ತಿದ್ದಾನೆ. ಅಂಗಡಿಯ ಕಟ್ಟೆಯ ಮೇಲೆ "ಕೊಟ್ಟೆ ಬೇಡ, ಚೀಲ ತಂದಿದ್ದೇನೆ" ಎಂಬ ಒಂದು ಮಾತು ಸಾಕು. ಮುಂದಿನ ಮುಂಗಾರಿನ ಮೊದಲ ಮಳೆಗೆ ನಮ್ಮ ಮೋರಿಯಲ್ಲಿ ನೀರು ಸರಾಗವಾಗಿ ಹರಿದರೆ, ಕೊಟ್ಟೆ ಎಂಬ ಪದವನ್ನು ಮತ್ತೆ ಹಲಸಿನ ಎಲೆಗೆ ಹಿಂದಿರುಗಿಸಬಹುದು.